ಲೈಟರ್ ಕೊಟ್ಟ ಮೇಲೆ

ಮಾಜಿ ಸೈನಿಕರ ಆಸ್ಪತ್ರೆಯಲ್ಲಿ, ಸಿಗರೇಟು ಬಿಡಿಸುವ ಕೋಣೆಯ ಎದುರಿನ ಬೆಂಚಿನ ಮೇಲೆ, ಎಕ್ಸ್‌ರೇಗೆ ಹೋದ ಗಂಡನಿಗಾಗಿ ಒಬ್ಬ ಟೀಚರಮ್ಮ ಕಾಯುತ್ತಿದ್ದಳು. ಪಕ್ಕದಲ್ಲಿ ಹಳೆಯ ಸೈನಿಕರಿಬ್ಬರು ಮಾತಾಡುತ್ತಿದ್ದರು. ಒಬ್ಬ ಸೇನೆಯಲ್ಲಿ ಡ್ರೈವರ್ ಆಗಿದ್ದವನು, ಇನ್ನೊಬ್ಬ ಅಡುಗೆಯವನು.

“ಬಿಟ್ಟು ಎಷ್ಟು ದಿನ ಆಯ್ತು?” ಎಂದ ಅಡುಗೆಯವನು.

“ಹನ್ನೊಂದು. ಲೈಟರ್ ಯಾರಿಗಾದ್ರೂ ಕೊಟ್ಬಿಡಿ ಅಂದ್ರು ಡಾಕ್ಟ್ರು. ಕೊಟ್ಟೆ.”

“ಕೈ ಚಡಪಡಿಸಲ್ವಾ?”

“ಮೊದ್ಲೆರಡು ದಿನ ಅಷ್ಟೆ. ಆಮೇಲೆ ವಾಚೂ ಭಾವಮೈದನಿಗೆ ಕೊಟ್ಟೆ. ಪದಕಗಳನ್ನ ಮಗಳಿಗೆ ಕಳಿಸ್ದೆ.”

“ಅದನ್ನೂ ಡಾಕ್ಟ್ರೇ ಹೇಳಿದ್ರಾ?”

“ಇಲ್ಲ. ಕೊಡ್ತಾ ಕೊಡ್ತಾ ಹಗುರ ಆಗುತ್ತೆ ಕಣೋ.”

ಅಡುಗೆಯವನ ನಗು ಅರ್ಧಕ್ಕೇ ನಿಂತಿತು. “ನಿನ್ನ ನಾಯಿ?”

“ನಾಳೆ ನಿನ್ನ ಮನೇಲಿ ಬಿಡೋಣ ಅಂತಿದ್ದೆ. ನಿನ್ನ ಮಾತು ಕೇಳುತ್ತೆ.”

“ವಾಪಸ್ ಯಾವಾಗ ಕರ್ಕೊಂಡು ಹೋಗ್ತೀಯ?”

“ವಾಪಸ್ ಏನೂ ಬೇಡ. ನಿನ್ನ ಹತ್ರಾನೇ ಇರ್ಲಿ,” ಎಂದ ಡ್ರೈವರ್, ಗೋಡೆ ನೋಡುತ್ತ. ಟೀಚರಮ್ಮ ತಟ್ಟನೆ ಅವನತ್ತ ತಿರುಗಿದಳು.

ಒಳಗಿನಿಂದ ಡ್ರೈವರ್‌ನ ನಂಬರು ಕೂಗಿದರು. ಇಬ್ಬರೂ ಎದ್ದರು.

“ನೀನ್ಯಾಕೆ? ನೀನು ಸೇದೋನೇ ಅಲ್ಲ.”

“ವಾಚು, ಪದಕ, ನಾಯಿ ಎಲ್ಲಾ ಯಾಕೆ ಕೊಟ್ಬಿಡ್ತಿದ್ದೀಯ ಅಂತ ನೀನು ಡಾಕ್ಟ್ರಿಗೆ ಹೇಳಲ್ಲ. ನಾನು ಹೇಳ್ತೀನಿ, ನಡಿ.”

ಅಡುಗೆಯವನು ಗೆಳೆಯನ ತೋಳನ್ನು ಬಿಗಿಯಾಗಿ ಹಿಡಿದುಕೊಂಡೇ ಒಳಗೆ ಹೋದ. ಡ್ರೈವರ್ ಬಿಡಿಸಿಕೊಳ್ಳಲಿಲ್ಲ.