ಡ್ರೈವರ್ ಸೀಟಿನ ಅಳತೆ

ಸ್ಕೂಟರಿಗೆ ಪಂಕ್ಚರ್ ಹಾಕಿಸಲು ಗ್ಯಾರೇಜಿನ ಬೆಂಚಿನಲ್ಲಿ ಕೂತಿದ್ದ ಟೀಚರಮ್ಮ ಪೇಪರ್ ಓದುವ ನಾಟಕವನ್ನು ಆಗಲೇ ಕೈಬಿಟ್ಟಿದ್ದರು. ಎದುರಿಗೆ, ಗಂಡ ಹೆಂಡತಿ ಬಿಡಿಭಾಗ ತರಿಸಿ ಮೂರು ವರ್ಷ ಕೂತು ಜೋಡಿಸಿದ ಪುಟ್ಟ ಸ್ಪೋರ್ಟ್ಸ್ ಕಾರು. ಬಾಗಿಲ ಬಳಿ ಗಂಡ, ಡ್ರೈವರ್ ಸೀಟಿನಲ್ಲಿ ಹೆಂಡತಿ; ಅವಳ ಮಂಡಿಗಳು ಸ್ಟೀರಿಂಗಿಗೆ ಸಿಕ್ಕಿಕೊಂಡಿದ್ದವು.

"ಸೀಟು ಹಿಂದಕ್ಕೆ ಹೋಗಲ್ವಾ?"

"ಇಲ್ಲ, ವೆಲ್ಡ್ ಮಾಡಿಸಿಬಿಟ್ಟೆ. ಜಾರೋ ಹಳಿ ಹಾಕಿದ್ರೆ ನಾಲ್ಕು ಕೆಜಿ ಭಾರ ಜಾಸ್ತಿ ಆಗ್ತಿತ್ತು."

"ಅಳತೆ ಯಾರ ಕಾಲಿಂದು?"

"ನಂದೇ."

"ನಾನು ನಿನಗಿಂತ ಗೇಣುದ್ದ ಎತ್ತರ ಅಂತ ಮದುವೆ ಫೋಟೋಗೆ ಸ್ಟೂಲ್ ಹತ್ತಿದವನಿಗೆ ಗೊತ್ತಿರಲಿಲ್ವಾ?"

"ಮೆಲ್ಲಗೆ ಮಾತಾಡೆ, ಜನ ಇದ್ದಾರೆ."

"ಇರಲಿ, ಕೇಳಿಸ್ಕೊಳ್ಳಲಿ. ವೈರಿಂಗ್ ಪೂರ್ತಿ ಮಾಡಿದ್ದು ಯಾರು?"

"ನೀನು."

"ಇಂಜಿನ್ ಬಿಚ್ಚಿ ಜೋಡಿಸಿದ್ದು?"

"ನೀನೇ, ನಾನೇನು ಅಲ್ಲ ಅಂದ್ನಾ? ಅದಕ್ಕೇ ನಿನ್ನ ಸೀಟಿಗೆ ಒಳ್ಳೇ ಮೆತ್ತೆ ಹಾಕಿಸಿದ್ದೀನಿ. ಕಾಲು ಚಾಚೋಕೂ ಬೇಕಾದಷ್ಟು ಜಾಗ ಇದೆ."

"ನನ್ನ ಸೀಟು ಯಾವುದು?"

ಅವನು ಪಕ್ಕದ ಸೀಟು ತೋರಿಸಿದ. ಟೀಚರಮ್ಮ ಪೇಪರ್ ಮಡಚಿ ಪಕ್ಕಕ್ಕಿಟ್ಟರು.

"ಅಂದ್ರೆ ಮೂರು ವರ್ಷದಲ್ಲಿ ಒಂದು ದಿನವೂ ಇದನ್ನ ನಾನು ಓಡಿಸ್ತೀನಿ ಅಂತ ನಿನಗೆ ಅನ್ನಿಸಲೇ ಇಲ್ಲ."

ಅವನು ಬಟ್ಟೆ ತಗೊಂಡು ಬಾನೆಟ್ ಒರೆಸತೊಡಗಿದ.

ಅಷ್ಟು ಇಕ್ಕಟ್ಟಿನ ಕಾರಿನಿಂದ ಇಳಿಯಬೇಕಾದರೆ, ಗುಂಡಿ ಒತ್ತಿದರೆ ಕೈಗೆ ಬರುವ ಸ್ಟೀರಿಂಗನ್ನು ಕಳಚಲೇಬೇಕು. ಅವಳು ಕಳಚಿದಳು, ಇಳಿದಳು, ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಸ್ ಸ್ಟಾಪಿನ ಕಡೆ ಹೊರಟೇಬಿಟ್ಟಳು.

"ಏ, ಅದನ್ನ ಎಲ್ಲಿಗೆ ತಗೊಂಡು ಹೋಗ್ತೀಯೆ?"

"ಸೀಟಿನ ವೆಲ್ಡ್ ಕತ್ತರಿಸಿದ ಮೇಲೆ ಫೋನ್ ಮಾಡು, ಕಾಲಿನ ಅಳತೆ ಹೇಳ್ತೀನಿ."