ನಾಲ್ಕು ಫೋಟೋ

ಹೊಸೂರು ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಕೂತಿದ್ದರು, ನಡುವಯಸ್ಸಿನ ಹೆಂಗಸು ಮತ್ತು ಮೂವತ್ತರ ಆಸುಪಾಸಿನ ಗಂಡಸು. ಇಬ್ಬರ ಕೊರಳಲ್ಲೂ ಒಂದೇ ಆಸ್ಪತ್ರೆಯ ಗುರುತಿನ ಚೀಟಿ.

“ಕದಿರೇಶ, ಹಳೇ ಕಂಪ್ಯೂಟರ್‌ಗಳ ಹಾರ್ಡ್ ಡಿಸ್ಕ್‌ಗೆಲ್ಲಾ ತೂತು ಹಾಕ್ಸಿದೀನಿ ಅಂದಿದ್ದೆ.”

“ಹಾಕ್ಸಿದ್ನಲ್ಲಕ್ಕಾ. ನಾಲ್ಕರದ್ದೂ ಫೋಟೋ ಕಳ್ಸಿದ್ದೆ.”

“ಆ ನಾಲ್ಕನ್ನೂ ನಿನ್ನೆ ದೊಡ್ಡದು ಮಾಡಿ ನೋಡ್ದೆ. ನಾಲ್ಕರಲ್ಲೂ ಡಿಸ್ಕಿನ ನಂಬರ್ ಒಂದೇ ಐತೆ.”

ಅವನು ಕೊರಳ ಚೀಟಿಯನ್ನು ಅಂಗಿಯ ಜೇಬಿಗೆ ತುರುಕಿದ.

“ನಿನ್ನ ನಂಬ್ಕೊಂಡು, ಎಲ್ಲಾ ನಾಶ ಆಯ್ತು ಅಂತ ಕಾಗದಕ್ಕೆ ಸೈನ್ ಹಾಕಿದೋಳು ನಾನು ಕಣ್ಲಾ.”

“ಮಿಕ್ಕ ಮೂರೂ ಚೆನ್ನಾಗಿದ್ವಕ್ಕಾ. ಹಾಳ್ಮಾಡಕ್ಕೆ ಮನಸ್ಸು ಬರ್ಲಿಲ್ಲ. ಗುಜರಿಯವನಿಗೆ ಮಾರ್ದೆ, ಎಲ್ಲಾ ಅಳಿಸಿಬಿಡ್ತೀನಿ ಅಂದ.”

“ಅಳಿಸ್ಲಿಲ್ಲ. ಅದರಲ್ಲೊಂದು ಕೆಲಮಂಗಲದ ಜೆರಾಕ್ಸ್ ಅಂಗಡೀಲಿ ಓಡ್ತಾ ಐತೆ. ನಮ್ಮ ರೋಗಿಗಳ ರಿಪೋರ್ಟ್ ತೆಗೆದು ಓದ್ತಾವ್ರಂತೆ. ಆ ರೋಗಿಗಳಲ್ಲಿ ಒಬ್ಬಳು ನಿನ್ನೆ ಬಂದು ನನ್ ಮುಂದೆ ಅತ್ತಳು.”

“ನಮ್ಮೂರಲ್ಲೇ?”

“ನಿಮ್ಮೂರಲ್ಲೇ. ನಿನ್ನ ಹೆಂಡ್ತಿ ರಿಪೋರ್ಟೂ ಅದರಲ್ಲೈತೆ.”

“ಅವಳು ನಮ್ಮಾಸ್ಪತ್ರೆಗೆ ಯಾವತ್ತು ಬಂದಿದ್ಲು?”

“ನಿನ್ನ ಮದುವೆಗೆ ಮುಂಚೆ.”

“ಏನಾಗಿತ್ತಕ್ಕಾ ಅವಳಿಗೆ?”

“ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದೀನಿ.”

ಕೆಲಮಂಗಲದ ಬಸ್ಸು ಬಂದು ನಿಂತಿತು. ಅವನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದ.

“ನನಗೂ ಹೇಳಲ್ವಾ?”

“ನನ್ನ ಬಾಯಿಂದ ಬರಲ್ಲ. ಜೆರಾಕ್ಸ್ ಅಂಗಡಿಯವನ್ನ ಕೇಳು, ಅವನಿಗೆ ಗೊತ್ತು.”

ಆಕೆ ಚೀಲ ಎತ್ತಿಕೊಂಡು ತಳಿ ಊರಿಗೆ ಹೋಗುವ ಬಸ್ಸಿನ ಕಡೆ ನಡೆದಳು.