ಮುದ್ದಕ್ಕನ ಇಸಿಜಿ

ಹೊಳಲ್ಕೆರೆಯ ಒಂದು ಕ್ಲಿನಿಕ್ಕಿನಲ್ಲಿ ನನ್ನ ಪಕ್ಕದ ಹೆಂಗಸು ಎದೆ ಒತ್ತಿಹಿಡಿದು ಕೂತಿದ್ದಳು. ಹಣೆಯೆಲ್ಲ ಬೆವರಿತ್ತು. ಇಸಿಜಿ ಕೋಣೆಯಿಂದ ಆಕೆಯ ಗಂಡ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದ. ದೊಡ್ಡ ಉಪಕಾರ ಮಾಡಿದವನ ಮುಖ.

“ಆತು ಕಣೇ ಮುದ್ದಕ್ಕ, ನಿನ್ನ ಇಸಿಜಿ ಆತು.”

“ನಂದಾ? ನಾನು ಇಲ್ಲೇ ಕುಂತಿದೀನಲ್ಲ!”

“ಒಳಗೆ ಮಿಷನ್ ಹಾಕೋನು ಗಂಡಸು. ಅವನ ಮುಂದೆ ರವಿಕೆ ಬಿಚ್ತಿದ್ಯಾ? ನಿನ್ನ ಬದ್ಲು ನಾನೇ ಮಲಕ್ಕಂಡೆ.”

“ಅವನೇನೂ ಅನ್ನಲಿಲ್ವಾ?”

“ಚೀಟಿ ಇಸ್ಕಂಡ, ವೈರು ಅಂಟಿಸ್ದ. ಹೆಸರೂ ಓದಲಿಲ್ಲ, ನನ್ ಮೀಸೆನೂ ನೋಡಲಿಲ್ಲ.”

“ನೋವು ನಂಗಲ್ವೇನ್ರಿ? ಎಡಗೈಯೆಲ್ಲ ಜೋಮು ಹಿಡಿದೈತೆ.”

“ಮೂವತ್ತು ವರ್ಷದಿಂದ ಒಂದೇ ಒಲೆ ಮುದ್ದೆ ಉಂಡಿದೀವಿ. ನಿನ್ನ ಎದೆಯಾಗೆ ಬ್ಯಾರೆ ಏನಿರ್ತೈತೆ?”

“ಡಾಕ್ಟ್ರಿಗೆ ಹೇಳ್ಬಿಡ್ರಿ.”

“ಹೇಳಿ ನನ್ ಮರ್ಯಾದೆ ಕಳ್ಕಬೇಕಾ?”

“ಮುದ್ದಕ್ಕ!” ಎಂದು ನರ್ಸ್ ಕೂಗಿದಳು. ಆಕೆ ಏಳಹೋದಳು.

“ನೀನು ಕುಂತ್ಕ. ರಿಪೋರ್ಟ್ ತೋರ್ಸಾಕೆ ಇಬ್ರು ಯಾಕೆ?”

ಎರಡೇ ನಿಮಿಷದಲ್ಲಿ ಆತ ಗ್ಯಾಸಿನ ಮಾತ್ರೆ ಬರೆದ ಚೀಟಿ ಹಿಡಿದು ಹೊರಬಂದ.

“ಹಾರ್ಟು ಗುಂಡುಕಲ್ಲಿನಂಗೈತಂತೆ!”

“ಯಾರ್ದು?”

“ನಿಂದೇ ಕಣೇ. ರಿಪೋರ್ಟ್‌ನಾಗೆ ಯಾರ ಹೆಸರೈತೆ ನೋಡು.”

ಹೊರಗೆ ಅವರೂರು ಬಿ.ದುರ್ಗದ ಬಸ್ಸು ಹೊರಟು ನಿಂತು ಹಾರ್ನ್ ಹೊಡೆಯುತ್ತಿತ್ತು. ಆಕೆ ಗೋಡೆ ಹಿಡಿದು ಎದ್ದಳು. ಆತ ಆಗಲೇ ಬಾಗಿಲು ದಾಟಿದ್ದ.

“ಓಡ್ ಬಾರೇ! ನಿಂಗೇನೂ ಆಗಿಲ್ಲ ಅಂತ ಡಾಕ್ಟ್ರೇ ಅಂದವ್ರೆ.”

ಮುದ್ದಕ್ಕ ಓಡಿದಳು.